ಕಾಳು ನಮ್ಮದು, ಹಕ್ಕಿ ಅವರದು

ಪುಣೆಯ ಕೊಂಢವಾ ಬಡಾವಣೆಯಲ್ಲಿರುವ ನಮ್ಮ ಪುಟ್ಟ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಗೆ ನಾನೊಂದು ಮರದ ಗೂಡು ತೂಗಿಬಿಟ್ಟೆ. ಇಳಿಜಾರು ಮಾಡು, ನಾಲ್ಕು ಕಂಬ, ನಡುವೆ ಕಾಳಿನ ತಟ್ಟೆ. ಪುಣೆಯಲ್ಲಿ ಇಷ್ಟು ಸಲೀಸಾಗಿ ಮನೆ ಸಿಗುವುದು ಹಕ್ಕಿಗಳಿಗೆ ಮಾತ್ರವೆಂದು, ಬಾಡಿಗೆ ಮನೆಗಳಲ್ಲೇ ಅರ್ಧ ಆಯುಷ್ಯ ಸವೆಸಿದ ನಾನು ಹೆಮ್ಮೆಪಟ್ಟುಕೊಂಡೆ. ಭೋಸರಿಯ ಕಾರ್ಖಾನೆಯ ಕಚೇರಿಯಿಂದ ನಿವೃತ್ತನಾದವನಿಗೆ ಯಾರನ್ನಾದರೂ ಕರೆದು ಉಣಬಡಿಸುವ ಚಪಲ. ಮನುಷ್ಯರು ಬಂದರೆ ಚಹಾ ಕಾಸಬೇಕು, ಮಾತಾಡಬೇಕು. ಹಕ್ಕಿಗಳಿಗೆ ನವಣೆ ಸಾಕು.

ಬಂದದ್ದು ಪಾರಿವಾಳಗಳು, ಅದೂ ಸಕುಟುಂಬ ಸಪರಿವಾರ. ತಟ್ಟೆ ಬರಿದಾಗುವವರೆಗೆ ತಿಂದು, ಕೃತಜ್ಞತೆಯ ಗುರುತನ್ನು ನೆಲದ ಮೇಲೆ ಧಾರಾಳವಾಗಿ ಬಿಟ್ಟುಹೋದವು.

"ನಿಮ್ಮ ಬೀಗರು ಭಾಳ ಸಂಭಾವಿತರು ನೋಡ್ರಿ," ಎಂದು ಹೆಂಡತಿ ಶಾರದಾ ಕಸಬರಿಗೆಯನ್ನು ನನ್ನ ಕೈಗಿತ್ತಳು.

ಆದರೆ ನನ್ನ ಹೊಟ್ಟೆ ಉರಿಸಿದವರು ಪಕ್ಕದ ಮನೆಯ ವಸಂತರಾಯರು. ಅವರು ಹಿತ್ತಲು ಗುಡಿಸಿದ್ದನ್ನು ಕಂಡವರಿಲ್ಲ. ಅಲ್ಲಿ ಮಧುಮಾಲತಿಯ ಬಳ್ಳಿಯೊಂದು ಹೇಳುವವರು ಕೇಳುವವರಿಲ್ಲದೆ ಬೆಳೆದು, ಗೋಡೆಯೇರಿ ನಮ್ಮ ಕಡೆಗೂ ಕಾಲು ಚಾಚಿತ್ತು. ಕಾಳಿಲ್ಲ, ತಟ್ಟೆಯಿಲ್ಲ, ಆದರೂ ಬುಲ್‌ಬುಲ್, ಗುಬ್ಬಿ, ಸೂರಕ್ಕಿಗಳ ಬೆಳಗಿನ ಸಭೆಯೆಲ್ಲ ಅಲ್ಲಿಯೇ! ಸ್ನೇಹಿತರೇ, ಆದರದಿಂದ ಕರೆದವನ ಮನೆ ದಾಟಿ ಕರೆಯದವನ ಮನೆಗೆ ನುಗ್ಗುವ ನೆಂಟರನ್ನು ಕಂಡರೆ ನಿಮಗಾದರೂ ಸಿಟ್ಟು ಬಾರದೆ? ಹಕ್ಕಿಯ ಮೇಲಿನ ಸಿಟ್ಟನ್ನು ನಾನು ಬಳ್ಳಿಯ ಮೇಲೆ ತೀರಿಸಿಕೊಂಡೆ. ನೆಲಕ್ಕೆ ಹಾಸಿದ ಹೊಸ ಫರಸಿಕಲ್ಲಿನ ಮೇಲೆ ಎಲೆ ಬೀಳುತ್ತವೆ, ಕಡಿಸಿಬಿಡಿ ಎಂದೆ. ಅವರು ಏನೂ ಅನ್ನಲಿಲ್ಲ. ಮರುದಿನದಿಂದ ನಮಸ್ಕಾರವನ್ನೂ ಅನ್ನಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಬುಲ್‌ಬುಲ್ಲೊಂದು ಹುಳು ಕಚ್ಚಿಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಬಳ್ಳಿಯೊಳಗೆ ಮರೆಯಾಯಿತು. ಸ್ಟೂಲು ಹತ್ತಿ ಇಣುಕಿದೆ. ಬೊಗಸೆಯೊಳಗೆ ಹಿಡಿಯುವಷ್ಟು ಗೂಡು; ಒಳಗೆ ಮೈಗಿಂತ ಬಾಯಿಯೇ ದೊಡ್ಡದಾಗಿದ್ದ ಎರಡು ಮರಿಗಳು. ನೋಡುತ್ತಿದ್ದಂತೆ ಇಡೀ ಬಳ್ಳಿ ನಡುಗಿತು. ಆಚೆ ವಸಂತರಾಯರು ಕುಡುಗೋಲು ಹಿಡಿದು ಬುಡದಲ್ಲಿ ಕುಕ್ಕರಿಸಿದ್ದರು.

"ಅಹೋ, ಥಾಂಬಾ! ಥಾಂಬಾ!" ನಿಲ್ಲಿ ಎನ್ನುವ ಮರಾಠಿ ಮಾತನ್ನು ಅಷ್ಟು ಆರ್ತನಾಗಿ ನಾನೆಂದೂ ಕೂಗಿರಲಿಲ್ಲ.

"ಕಡಿಯಿರಿ ಎಂದವರು ನೀವೇ ಅಲ್ಲವೇ?" ಮರಾಠಿಯಲ್ಲಿ, ತಲೆಯೆತ್ತದೆ ಕೇಳಿದರು.

"ನಾನೇ. ಈಗ ಬೇಡ ಎನ್ನುವವನೂ ನಾನೇ. ಒಳಗೆ ಮರಿಗಳಿವೆ."

ಅವರು ಕುಡುಗೋಲು ಕೆಳಗಿಟ್ಟು ಒಂದು ಕುರ್ಚಿ ತಂದು ಹತ್ತಿದರು. ಹೀಗೆ ಗೋಡೆಯ ಎರಡೂ ಕಡೆಯಿಂದ ಎರಡು ಬಕ್ಕತಲೆಗಳು ಒಂದೇ ಗೂಡಿನ ಮೇಲೆ ಬಾಗಿದವು. ತಾಯಿಹಕ್ಕಿ ಇಬ್ಬರಿಗೂ ಸರಿಸಮನಾಗಿ ಬೈಯಿತು.

"ಇಳಿಯಿರಿ, ನಿಮ್ಮ ಮುಖ ಕಂಡು ಹೆದರುತ್ತಿವೆ," ಎಂದು ವಸಂತರಾಯರು ಪಿಸುಗುಟ್ಟಿದರು.

"ನಿಮ್ಮದೇನು ಮಹಾ?" ಎಂದೆ. ಅವರು ನಕ್ಕರು.

ಆಮೇಲೆ ನನಗೆ ಅನ್ನಿಸಿದ್ದಿಷ್ಟು: ಕಾಳು ಹಾಕಿ ಕರೆಯುವಾಗ ನನ್ನ ಮನಸ್ಸಿನಲ್ಲಿ ಹಕ್ಕಿಗಿಂತ ಹೆಚ್ಚಾಗಿ ಹಕ್ಕಿ ನೋಡುವ ನಾನೇ ಇದ್ದೆ. ಅವಕ್ಕೆ ಬೇಕಿದ್ದದ್ದು ಯಾರೂ ಕೈಯಾಡಿಸದ ಒಂದು ಮೂಲೆ. ವಸಂತರಾಯರ ಸೋಮಾರಿತನ ಅದನ್ನು ಪುಕ್ಕಟೆಯಾಗಿ ಕೊಟ್ಟಿತ್ತು. ನನ್ನ ಆತಿಥ್ಯಕ್ಕೆ ಅಷ್ಟು ಔದಾರ್ಯವಿರಲಿಲ್ಲ.

ಬಳ್ಳಿ ಉಳಿಯಿತು. ಮರಿಗಳು ಹಾರುವ ಕಾಲಕ್ಕೆ ವಸಂತರಾಯರು ದಿನವೂ ನಮ್ಮ ಹಿತ್ತಲಿಗೇ ಬಂದು ಕೂರತೊಡಗಿದರು. ಇಲ್ಲಿಂದ ಚೆನ್ನಾಗಿ ಕಾಣುತ್ತದೆಂದು ನೆಪ. ಕೊನೆಗೊಂದು ಬೆಳಿಗ್ಗೆ ಮರಿಯೊಂದು ಗೂಡಿನಿಂದ ತೊಪ್ಪೆಂದು ನಮ್ಮ ಫರಸಿಯ ಮೇಲೆ ಬಿದ್ದು, ರೆಕ್ಕೆ ಕೊಡವಿ, ನಮ್ಮಿಬ್ಬರ ಕಾಲುಗಳ ನಡುವೆ ಬಂದು ನಿಂತಿತು. ನಾನು ತಡೆಯಲಾರದೆ ಬಾಗಿ, ಬಾ ಬಾ ಎನ್ನಲು ಬಾಯಿ ತೆರೆದೆ.

"ಸುಮ್ಮನ ನಿಂದರ್ರಿ," ಬಾಗಿಲಿನಿಂದ ಶಾರದಾ ಮೆಲ್ಲಗೆ ಗದರಿದಳು. "ಕರದ್ರ ಹೋಗ್ತದ."

ನಾನು ಬಾಯಿ ಮುಚ್ಚಿದೆ. ಅದು ನಿಂತೇ ಇತ್ತು.