ಫ್ಯಾನಿನ ಕೆಳಗೆ ಎದ್ದ ಬಿದಿರಮ್ಮ

ವಳಕಮದಿನ್ನಿಯ ಆದೆಪ್ಪನಿಗೆ ಈ ಭೂಮಿಯ ಮೇಲೆ ಬೇಕಾದದ್ದು ಒಂದೇ: ಬೇಸಿಗೆಯ ಮಧ್ಯಾಹ್ನ ಪಡಸಾಲೆಯ ಫ್ಯಾನಿನ ಕೆಳಗೆ ಹೊರಸು ಹಾಕಿಕೊಂಡು ಮಲಗುವುದು. ಮನೆಗೆಲ್ಲ ಅದೊಂದೇ ಫ್ಯಾನು. ಅದರ ಗಾಳಿಗೆ ಆದೆಪ್ಪನ ಮೀಸೆ ಒಮ್ಮೆ ಮಸ್ಕಿ ಕಡೆ, ಒಮ್ಮೆ ಸಿಂಧನೂರು ಕಡೆ ವಾಲುತ್ತಿತ್ತು.

ಆ ಸುಖಕ್ಕೆ ಕುತ್ತು ತಂದವನೂ ಅವನೇ. ಹಿತ್ತಲಿಗೆ ನೆರಳಿರಲೆಂದು, ಸಿಂಧನೂರಿನಲ್ಲಿ ಸಸಿ ಮಾರುವ ರಾಜೇಸಾಬನಿಂದ ಬಿದಿರು ತಂದು ಗೋಡೆಯ ಮಗ್ಗುಲಲ್ಲೇ ನೆಟ್ಟಿದ್ದ. ನಮ್ಮ ಕಡೆಯ ಬಿದಿರು ಮೆಳೆ ಕಟ್ಟಿಕೊಂಡು ಕೂತಲ್ಲೇ ದಪ್ಪಗಾಗುತ್ತದೆ. ಇದು ಹಾಗಲ್ಲ, ನೆಲದೊಳಗೆ ಬೇರು ಚಾಚಿಕೊಂಡು ಊರು ತಿರುಗುವ ಜಾತಿ. ಬೆಳಿಗ್ಗೆ ಅದರ ಮೊಳಕೆಗೆ ಟವೆಲ್ ಒಣಹಾಕಿದರೆ ಸಂಜೆ ಇಳಿಸಲು ನಿಚ್ಚಣಿಕೆ ಬೇಕು. ಒಂದು ಟವೆಲನ್ನು ಇಳಿಸುವ ಮೊದಲೇ ಹದ್ದು ಗೂಡಿಗೆ ಒಯ್ದಿತ್ತು.

ಒಂದು ಮಧ್ಯಾಹ್ನ ಮಲಗಿದವನ ಬೆನ್ನಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಮಣ್ಣಿನ ನೆಲ ಸೀಳಿಕೊಂಡು ಚೂಪು ಮೊಳಕೆಯೊಂದು ಎದ್ದಿತ್ತು. ಕುಡಗೋಲು ತರುವಷ್ಟರಲ್ಲಿ ಹೆಂಡತಿ ಗದ್ದೆಮ್ಮ ಅದಕ್ಕೆ ದೇವರ ಅರಿಸಿನದ ಭಂಡಾರ ಹಚ್ಚಿ, ಊದಿನಕಡ್ಡಿ ಸಿಗಿಸಿ, ಕೈಮುಗಿದು ಕೂತಿದ್ದಳು.

"ಮುಟ್ಟಬ್ಯಾಡ! ತಾಯಿ ಎದ್ದಾಳ."

"ತಾಯಿ ಅಲ್ಲಬೇ, ಬಿದಿರ ಅದು. ಹಿತ್ತಲದಾಗ ನಾನೇ ಹಚ್ಚೀನಿ."

"ನೀ ಹಚ್ಚಿದ್ದು ಹಿತ್ತಲದಾಗ. ಒಳಗ ಬಾ ಅಂತ ಕರದವ್ರು ಯಾರು? ತಾನಾಗಿ ಬಂದಾಳ."

ಭಂಡಾರ ಬಿದ್ದದ್ದಕ್ಕೆ ಕುಡಗೋಲು ಹಾಕುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹೊರಸು ಎಮ್ಮೆಯ ಕೊಟ್ಟಿಗೆಗೆ ಹೋಯಿತು. ನೆರೆಮನೆಯ ಜೋಗಮ್ಮ ಬಂದು ಕಾಯಿ ಒಡೆಸಿದಳು. ಮೊಳಕೆ ಮೇಲೆ ಮೇಲೆ ಹೋದಂತೆ, ತಾಯಿಯ ತಲೆಗೆ ರೆಕ್ಕೆ ತಾಗೀತೆಂದು ಗದ್ದೆಮ್ಮ ಫ್ಯಾನನ್ನೇ ಬಂದ್ ಮಾಡಿದಳು.

ಆದೆಪ್ಪ ಸಿಂಧನೂರಿಗೆ ಓಡಿದ. ರಾಜೇಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ.

"ತುದಿ ಕಡದ್ರ ಹಿಂಡ ಹಿಂಡ ಬರ್ತಾವ್ರಿ ಆದೆಪ್ಪಣ್ಣ. ಗೋಡಿ ಹೊರಗ ಮೊಣಕಾಲಮಟ ಅಗೀರಿ. ಗೆಣ್ಣು ಗೆಣ್ಣಿಂದು ಬೇರು ಸಿಗತೈತಿ. ದೊಡ್ಡ ಗಿಡದಿಂದ ಅದನ್ನ ಬಿಡಿಸಿ ಪೂರಾ ಜಗ್ಗಿ ತಗೀರಿ. ಚೂರು ಉಳಿದ್ರ ಮತ್ತ ಹಾಜರ್! ಆಮ್ಯಾಲ ಬೇರು ಮತ್ತ ಒಳಗ ನುಗ್ಗದಂಗ ತಗ್ಗಿನ್ಯಾಗ ತಗಡು ನಿಂದ್ರಸ್ರಿ."

"ಗದ್ದೆಮ್ಮ ಬಿಡಬೇಕಲ್ಲೋ ಸಾಬಣ್ಣ?"

ಬಸ್ಸಿನಲ್ಲಿ ಬರುವಾಗ ಆದೆಪ್ಪನಿಗೆ ಹೊಳೆಯಿತು. ಕಡಿಯಬಾರದು, ಸರಿ. ಆದರೆ ಸಿಡುಬು ಬೇನೆ ತಂದು ಊರಿಗೆ ಬಂದ ಅಮ್ಮನನ್ನು ಸೀಮೆ ದಾಟಿಸಿ ಕಳಿಸುವುದು ಹಿರಿಯರು ಮಾಡಿದ ಪದ್ಧತಿಯೇ ಅಲ್ಲವೇ?

"ಹೋಳಿಗಿ ಮಾಡಿ ಕಳಸೂದಾದ್ರ ಆತು," ಎಂದು ಗದ್ದೆಮ್ಮ ಒಪ್ಪಿದಳು.

ಆದೆಪ್ಪ ಅಗೆದ, ಬೇರು ಬಿಡಿಸಿದ, ಹಗ್ಗ ಕಟ್ಟಿ ಎಮ್ಮೆಯಿಂದ ಜಗ್ಗಿಸಿದ, ತಗಡು ಹೂಳಿದ. ಹಲಗೆ ಬಡಿಸಿಕೊಂಡು ಬಿದಿರಮ್ಮ ಸೀಮೆಗೆ ಹೋದಳು. ಬಂದ ಅಮ್ಮನನ್ನು ಇಟ್ಟುಕೊಂಡಾರೆಯೇ? ಪಕ್ಕದೂರಿನವರು ಹೋಳಿಗೆ ಮಾಡಿ ತಮ್ಮ ಸೀಮೆ ದಾಟಿಸಿದರು, ಅವರ ಮುಂದಿನವರು ತಮ್ಮದನ್ನು. ಹೀಗೆ ಊರೂರಿಗೆ ಒಂದೊಂದು ಗೆಣ್ಣು ಉದುರಿಸುತ್ತ ಆಕೆ ಮಸ್ಕಿ ದಾಟಿ ಲಿಂಗಸುಗೂರಿನ ದಾರಿ ಹಿಡಿದಿದ್ದಾಳಂತೆ. ಅಲ್ಲಿಯ ಫ್ಯಾನುಗಳನ್ನು ದೇವರೇ ಕಾಯಬೇಕು.

ಆದೆಪ್ಪ ಕೊಟ್ಟಿಗೆಯಿಂದ ಹೊರಸು ಹೊತ್ತು ಪಡಸಾಲೆಗೆ ಬಂದ. ತಗ್ಗು ಮುಚ್ಚಿ ಸಾರಿಸಿದ ಜಾಗದಲ್ಲಿ, ಫ್ಯಾನಿನ ಕೆಳಗೆ, ಗದ್ದೆಮ್ಮ ಚಾಪೆ ಹಾಸಿ ಉದ್ದಕ್ಕೆ ಒರಗಿದ್ದಳು.

"ತಾಯಿ ಎದ್ದ ಜಾಗ ಇದು. ಗಂಡಸ್ರು ಮಕ್ಕೊಬಾರ್ದು."

"ಮತ್ತ ನೀ ಮಕ್ಕೊಂಡೀಯಲ್ಲ?"

"ನಾ ಮಕ್ಕೊಂಡಿಲ್ಲ, ಕಾಯಾಕತ್ತೀನಿ," ಎಂದು ಗದ್ದೆಮ್ಮ ಕಣ್ಣು ಮುಚ್ಚಿದಳು. "ಹೋಗೂ ಮುಂದ ಫ್ಯಾನ ಒಂಚೂರು ಜೋರ್ ಮಾಡು."