ಕಿವಿಯ ಮೇಲಿನ ಬಿಳಿ ಎಳೆ

ವಿಗ್ ಕಟ್ಟುವ ಕಾರ್ಖಾನೆಯಲ್ಲಿ ಅವಳಿಗೆ ನಿದ್ದೆಗಣ್ಣಿ ಅಂತಲೇ ಹೆಸರು. ಕೆಲಸದಲ್ಲಿ ತೂಕಡಿಸುವವಳಲ್ಲ ಪಾಪ. ಕೊಕ್ಕೆಸೂಜಿ ಕೈಗೆ ಬಂದರೆ ಸಾಕು, ಕಣ್ಣು ಅರ್ಧ ಮುಚ್ಚಿಕೊಂಡು ಎಲ್ಲಿಗೋ ಹೊರಟುಬಿಡುತ್ತಿದ್ದಳು. ಮರದ ತಲೆಗೆ ತೊಡಿಸಿದ ತೆಳ್ಳನೆಯ ಬಲೆ, ಅದರ ಒಂದೊಂದು ಕಣ್ಣಿಗೂ ಕೂದಲು ತೂರಿಸಿ ಗಂಟು ಹಾಕಬೇಕು. ಹೊರಗೆ ಬಸ್ಸು ಕೂಗಿದರೂ ಅವಳಿಗೆ ಕೇಳದು, ಪಕ್ಕದವಳು ಟೀ ತಂದಿಟ್ಟರೂ ಕಾಣದು. ಅದು ತಣ್ಣಗಾಗಿ ಕೆನೆ ಕಟ್ಟಿದ ಮೇಲೆ "ಅಯ್ಯೋ, ಇದ್ಯಾವಾಗ ಬಂತೇ?" ಅಂತ ಕೇಳುತ್ತಿದ್ದಳು.

ಕೈ ಮಾತ್ರ ಎಚ್ಚರವಾಗಿರುತ್ತಿತ್ತು. ಕಾರ್ಖಾನೆಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಹೊಗಳುವುದರಲ್ಲಿ ಮಹಾ ಜಿಪುಣಿ ಆಕೆ. ಅಂಥವಳೇ "ಇವಳು ಕಟ್ಟಿದ್ದು ಯಾವುದು, ತಲೇಲಿ ಬೆಳೆದಿದ್ದು ಯಾವುದು ಅಂತ ನಂಗೇ ಗೊತ್ತಾಗಲ್ಲ" ಅಂದಿದ್ದಳು. ಕಿಟಕಿ ಪಕ್ಕದ ತನ್ನ ಕುರ್ಚಿ ಬಿಟ್ಟರೆ ನಿದ್ದೆಗಣ್ಣಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ. ಊರಲ್ಲಿ ಇಂಥ ಕೆಲಸ ಇನ್ನೆಲ್ಲೂ ಇರಲಿಲ್ಲ ಕೂಡ.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾಯಿಲೆಯ ಔಷಧಿಗೆ ಕೂದಲು ಕಳೆದುಕೊಳ್ಳಲಿರುವ ಹೆಂಗಸರು. ಉದುರುವ ಮೊದಲೇ ಬಂದು ಅಳತೆ ಕೊಟ್ಟು, ಇದ್ದ ಕೂದಲಿನ ಫೋಟೊ ತೆಗೆಸಿಕೊಂಡು ಹೋಗುವರು. ಅದಕ್ಕೇ ಒಳಗೆ ಯಾರ ಹೆಸರನ್ನೂ ಎತ್ತುವ ಹಾಗಿರಲಿಲ್ಲ. ಗುಂಗುರಿನೋರು, ನೆರೆತೋರು, ಉದ್ದ ಜಡೆಯೋರು ಅಂತ ಕೂದಲಿನ ಗುರುತಿನಿಂದಲೇ ಮಾತು. "ಬಾಯಿಗೆ ಬೀಗ ಹಾಕ್ಕೊಂಡು ಕೆಲಸ ಮಾಡ್ರಮ್ಮ, ಆಗಲ್ಲ ಅಂದ್ರೆ ಮನೇಲಿರಿ" ಅಂತ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ದೊಡ್ಡಮ್ಮ ಹೇಳಿಬಿಡುತ್ತಿದ್ದಳು.

ಆ ವರ್ಷ ಬಿಳಿ ಎಳೆಯೋರು ಬಂದರು. ಅವರು ಶಾಲೆಯಲ್ಲಿ ಲೆಕ್ಕದ ಟೀಚರು. ಕಪ್ಪು ಕೂದಲು, ಎಡಗಿವಿಯ ಮೇಲೆ ಒಂದೇ ಒಂದು ಬಿಳಿ ಎಳೆ, ಕತ್ತಿನ ಹಿಂದೆ ಎಷ್ಟು ಬಾಚಿದರೂ ಕೂರದ ಒಂದು ಹಟಮಾರಿ ಸುರುಳಿ. ನಿದ್ದೆಗಣ್ಣಿ ಮನಸೋತಳು. ಗಂಟು ಹಾಕುತ್ತ ಹಾಕುತ್ತ ಆ ಕೂದಲಿನ ಜೊತೆಗೇ ತಿರುಗಾಡಿದಳು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಅದು ಹೇಗೆ ಹಾರೀತು, ಕೊಳದ ದಂಡೆಯಲ್ಲಿ ಬಗ್ಗಿದಾಗ ಹೇಗೆ ಮುಂದೆ ಬಿದ್ದೀತು, ಎಲ್ಲ ಕಂಡಳು. ಆ ಕನಸಿನಲ್ಲಿ ಒಂದು ಸಲವಾದರೂ ಟೀಚರ ಮುಖ ಬರಲಿಲ್ಲ.

ಕೆಲಸ ಮುಗಿದ ಮಧ್ಯಾಹ್ನ ಕಿಟಕಿಯಿಂದ ಗಾಳಿ ಬಂತು. ಮರದ ತಲೆಯ ಮೇಲೆ ಕೂದಲು ಮೆಲ್ಲಗೆ ಎದ್ದಿತು, ಬಿಳಿ ಎಳೆ ಬಿಸಿಲಿಗೆ ಮಿನುಗಿತು. ನಿದ್ದೆಗಣ್ಣಿ ಮೈಮರೆತಳು. ಮೊಬೈಲ್ ತೆಗೆದು ವಿಡಿಯೊ ಮಾಡಿ, "ನನ್ನ ಕೈಯಲ್ಲಿ ಹುಟ್ಟಿದ ಕೂದಲು" ಅಂತ ಬರೆದು ಹಾಕಿಯೇಬಿಟ್ಟಳು. ಮುಖವಿಲ್ಲ, ಹೆಸರಿಲ್ಲ, ಇನ್ನೇನು ತಪ್ಪು? ಸಂಜೆಯೊಳಗೆ ಕಂಡವರೆಲ್ಲ ಮೆಚ್ಚಿ, ಹಂಚಿ, ವಾಹ್ ಅಂದರು. ಕಾಲು ನೆಲಕ್ಕೆ ತಾಗದ ಹಾಗೆ ಮನೆಗೆ ಬಂದಳು. ಲಿಫ್ಟ್ ರಿಪೇರಿ ಮಾಡುವ ಗಂಡ "ಏನೇ, ಯಾವ ಮಹಡೀಲಿದೀಯ?" ಅಂದ. "ಎಲ್ಲಕ್ಕಿಂತ ಮೇಲಿಂದ್ರಲ್ಲಿ ಕಣ್ರೀ" ಅಂದಳು.

ಬೇರೆ ಊರಲ್ಲಿ ಓದುತ್ತಿದ್ದ ಟೀಚರ ಮಗಳ ಮೊಬೈಲಿಗೂ ಆ ವಿಡಿಯೊ ಹೋಯಿತು. ಹುಟ್ಟಿದಾಗಿನಿಂದ ತಾನು ಮುಖ ಹುದುಗಿಸಿ ಮಲಗಿದ ಕೂದಲು, ಅವಳಿಗೆ ತಿಳಿಯದೆ ಇರುತ್ತದೆಯೇ? "ಅಮ್ಮಾ, ನಿನ್ನ ಕೂದಲು ಮರದ ತಲೆ ಮೇಲೆ ಯಾಕಿದೆ?" ಅಂತ ಫೋನ್ ಮಾಡಿದಳು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ ಅಂತ ತಾಯಿ ಕಾಯಿಲೆಯ ಮಾತನ್ನೇ ಎತ್ತಿರಲಿಲ್ಲ.

ಮರುದಿನ ದೊಡ್ಡಮ್ಮ ಕೂಗಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಮುಖ ತೋರಿಸಿಲ್ಲ ದೊಡ್ಡಮ್ಮ, ಹೆಸರೂ ಹಾಕಿಲ್ಲ" ಅಂದಳು ನಿದ್ದೆಗಣ್ಣಿ.

"ನೀನು ಕಟ್ಟಿದ ಮೇಲೆ ಹೆಸರು ಬೇರೆ ಬೇಕಾ? ಟೀಚರ್ ಫೋನ್ ಮಾಡಿದ್ರು, ಅವರ ಮಗಳು ಕೂದಲು ನೋಡೇ ಗುರುತು ಹಿಡಿದಿದಾಳೆ. ಅಳತೆ ಕೊಟ್ಟಿದ್ದ ಗುಂಗುರಿನೋರು ಬೇಡ ಅಂದ್ರು. ನಂದೂ ಹಾಕ್ತೀರಾ ಅಂತ ಕೇಳಿದ್ರು. ನಾನೇನು ಹೇಳ್ಲಿ? ನಾಳೆ ಟೀಚರ್ ಬರ್ತಾರೆ. ಅವರು ಇರ್ಲಿ ಅಂದ್ರೆ ಇರು. ಇಲ್ಲಾಂದ್ರೆ ಚೀಲ ಎತ್ಕೋ."

ವಿಡಿಯೊವನ್ನು ಅಳಿಸಿದ್ದಾಯಿತು. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿಯಾಗಿತ್ತು. ಮನೆಗೆ ನಡೆಯುವಾಗ ಬೀದಿಯೆಲ್ಲ ನೀರಿನೊಳಗಿದ್ದ ಹಾಗೆ ತೇಲುತ್ತಿತ್ತು. ಎದುರಿಗೆ ಬಂದವರ ತಲೆಗಳಷ್ಟೇ ಕಾಣುತ್ತಿದ್ದವು. ಕುರ್ಚಿ ಹೋದರೆ ಏನು ಗತಿ? ಗಂಡನಿಗೆ ಎಲ್ಲ ಹೇಳಿದಳು. "ಸಮಜಾಯಿಷಿ ಕೊಡೋಕೆ ಹೋಗ್ಬೇಡ, ತಪ್ಪಾಯ್ತು ಅನ್ನು" ಅಂದ.

ಟೀಚರು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದರು.

"ತಪ್ಪಾಯ್ತು ಮೇಡಂ" ಅಂದಳು ನಿದ್ದೆಗಣ್ಣಿ.

"ನನ್ನ ಮಗಳು ಏನಂದಳು ಗೊತ್ತೇನಮ್ಮ? ವಾಸಿ ಆಗುತ್ತಾ ಅಂತ ಆಮೇಲೆ ಕೇಳಿದ್ಲು. ಮೊದಲು, 'ವಿಗ್ ಕಟ್ಟೋರಿಗೆ ಹೇಳಿದೀಯ, ನಂಗೆ ಹೇಳಲಿಲ್ವಲ್ಲಮ್ಮ' ಅಂದ್ಲು." ಟೀಚರು ತಲೆಬಟ್ಟೆಯ ಅಂಚು ಸರಿಮಾಡಿಕೊಂಡರು. "ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಬೇಕು ಅಂತಿದ್ದೆ. ಹೆಂಗೆ ಹೇಳೋದು ಅಂತ ಮನಸ್ಸಲ್ಲೇ ಎಷ್ಟು ಸಲ ಹೇಳ್ಕೊಂಡಿದ್ದೆ."

ದೊಡ್ಡಮ್ಮ ಮೆಲ್ಲಗೆ ಕೇಳಿದಳು: "ಇವಳನ್ನ ಏನ್ ಮಾಡ್ಲಿ ಹೇಳಿ."

"ಕೆಲಸ ತೆಗೀಬೇಡಿ. ಕೋಪ ಮಾಡ್ಕೊಳೋ ಶಕ್ತಿ ನಂಗಿಲ್ಲ. ವಿಗ್ ಕೊಡಿ, ಹಾಕಿ ನೋಡ್ತೀನಿ." ಟೀಚರು ಬಟ್ಟೆ ಬಿಚ್ಚಿದರು.

ನಿದ್ದೆಗಣ್ಣಿ ಅಲ್ಲಿಯವರೆಗೆ ಆ ಕೂದಲನ್ನು ನೋಡಿದ್ದಳು, ಆ ತಲೆಯನ್ನು ನೋಡಿರಲಿಲ್ಲ. ಬೋಳು ನೆತ್ತಿ, ಕಿವಿಯ ಹಿಂದೆ ಮಿಡಿಯುವ ನರ, ಕಿಟಕಿಯ ಗಾಳಿ ತಾಗಿ ನವಿರೆದ್ದ ಚರ್ಮ. ಎದ್ದು ಕಿಟಕಿ ಮುಚ್ಚಿದಳು. ವಿಗ್ ತೊಡಿಸಿ, ಅಂಚು ಸರಿಮಾಡುವಾಗ ಅವಳ ಕಣ್ಣೀರು ಟೀಚರ ಭುಜದ ಮೇಲೆ ಬಿತ್ತು. ಟೀಚರು ಕನ್ನಡಿ ನೋಡಿಕೊಂಡು, ಹೂಂ ಅಂದು, ಹೊರಟುಹೋದರು.

ಕುರ್ಚಿ ಉಳಿಯಿತು. ದೊಡ್ಡಮ್ಮ ನಿಟ್ಟುಸಿರು ಬಿಟ್ಟು "ಮುಖ ತೊಳ್ಕೊಂಡು ಬಾ, ಅಳತೆಗೆ ಇನ್ನೊಬ್ರು ಬಂದಿದಾರೆ" ಅಂದಳು.

ಬಂದವಳು ಚಿಕ್ಕ ವಯಸ್ಸಿನವಳು, ದಟ್ಟ ಕೂದಲು. ಅಳತೆಯ ಟೇಪು ಹಿಡಿದು ನಿಂತ ನಿದ್ದೆಗಣ್ಣಿಯನ್ನು ನೋಡಿ, ಎರಡೂ ಕೈಯಿಂದ ಕೂದಲನ್ನು ಒತ್ತಿ ಹಿಡಿದುಕೊಂಡಳು.

"ಆ ವಿಡಿಯೊ ಹಾಕಿದೋರು... ಇವರಲ್ಲ ತಾನೇ?" ಅಂತ ದೊಡ್ಡಮ್ಮನನ್ನು ಕೇಳಿದಳು.

ದೊಡ್ಡಮ್ಮ ಅವಳ ಮುಂದೆ ಸ್ಟೂಲು ಎಳೆದು ಹಾಕಿದಳು.

"ನಾನೇ ಕಣಮ್ಮ" ಅಂದಳು ನಿದ್ದೆಗಣ್ಣಿ. ಟೇಪನ್ನು ಸುತ್ತಿ ದೊಡ್ಡಮ್ಮನ ಕೈಗಿಟ್ಟಳು. "ನೀನು ಹೆದರ್ಬೇಡ, ಕೂತ್ಕೋ. ಅಳತೆ ದೊಡ್ಡಮ್ಮ ತಗೋತಾರೆ. ನಾನು ಚೀಲ ಎತ್ಕೊಂಡು ಹೊರಟೆ, ಇನ್ನು ಬರಲ್ಲ."