ಕಾಪುವಿನಲ್ಲಿ ಅಮ್ಮ ಉಂಡದ್ದು

ಮಳೆಗಾಲದ ಆಟಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಏಳೂವರೆಗೆ ಮಣಿಪಾಲದಿಂದ ಹೊರಟೆ. ಕೈಯಲ್ಲಿ ಒಂದು ಚೀಲ, ಕೊಡೆ. ಅಂಗಿಯ ಜೇಬಿನಲ್ಲಿ ಅಕ್ಕನ ಕಾಗದ. ಅಕ್ಕನ ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ಉಡುಪಿಯಿಂದ ಕಾರ್ಕಳಕ್ಕೆ ನೇರ ಬಸ್ಸಿದೆ, ಎರಡು ಗಂಟೆಯ ದಾರಿ. ನಾನು ಅದನ್ನು ಬಿಟ್ಟು ಕಾಪುವಿನ ಮೇಲೆ ಸುತ್ತಿಕೊಂಡು ಹೋಗಲು ನಿಶ್ಚಯಿಸಿದ್ದೆ. ಕಾರಣ ಆ ಕಾಗದದ ಕೊನೆಯಲ್ಲಿತ್ತು.

ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ನಮ್ಮಲ್ಲಿ ಆಟಿ ತಿಂಗಳಲ್ಲಿ, ಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದೇ ಆ ಎಲೆಯಲ್ಲಿರಬೇಕು. ಅಮ್ಮನಿಗೆ ಇದು ಮೊದಲ ಎಲೆ. ಅಕ್ಕ ಬರೆದಿದ್ದಳು: "ಭಾನುವಾರ ಬಡಿಸುವುದು. ಅಮ್ಮನಿಗೆ ಬಂಗುಡೆಯ ತಲೆ ಎಂದರೆ ಪ್ರಾಣ. ಈ ಮಳೆಯಲ್ಲಿ ಹಸಿ ಮೀನು ಎಲ್ಲಿಂದ ತರುವುದು? ಉಪ್ಪಿನಲ್ಲಿಟ್ಟದ್ದರಿಂದ ಆರು ತಲೆ ತೆಗೆದಿಟ್ಟಿದ್ದೇನೆ. ನೀನು ತಪ್ಪಿಸಬೇಡ."

ಅದರ ಕೆಳಗೆ ಪೆನ್ಸಿಲಿನಲ್ಲಿ ಅಕ್ಕನ ಮಗಳು ವನಜ ಸಣ್ಣಗೆ ಬರೆದಿದ್ದಳು: "ಮಾವ, ಅಜ್ಜಿಗೆ ತಲೆ ಇಷ್ಟ ಇತ್ತೆನ್ನುವುದು ನನಗೆ ಅನುಮಾನ. ಸಣ್ಣವಳಿದ್ದಾಗ ಒಮ್ಮೆ ಅಜ್ಜಿ ನನ್ನನ್ನು ಕಾಪುವಿನ ಸೇಸಿಯಜ್ಜಿಯ ಮನೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತಲೆಯನ್ನು ಬೆಕ್ಕಿಗೆ ಹಾಕಿದ್ದು ನೆನಪು. ಅಮ್ಮನಿಗೆ ಹೇಳಬೇಡಿ."

ಉಡುಪಿಗೆ ಮೂರು ಮೈಲಿ. ನಯಾಪೈಸೆ ಬಂದು ನಾಲ್ಕೈದು ವರ್ಷವಾಗಿದ್ದರೂ ಕಂಡಕ್ಟರ್ ಇನ್ನೂ ಆಣೆಯಲ್ಲೇ ಕೇಳುತ್ತಿದ್ದ. "ಎರಡಾಣೆ ಎಂದರೆ ಹನ್ನೆರಡಾ ಹದಿಮೂರಾ?" ಎಂದು ಒಬ್ಬಾಕೆ ಜಗಳ ತೆಗೆದರು. "ನಿಮಗೆ ಹನ್ನೆರಡು, ನಿಮ್ಮ ಬುಟ್ಟಿಗೆ ಒಂದು" ಎಂದ ಅವನು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು ಕಾಫಿ ಕುಡಿಯುತ್ತ ನಾನು ಅಮ್ಮ ಉಣ್ಣುವುದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಅಡುಗೆಮನೆಯ ಬಾಗಿಲ ಬಳಿ ಕುಳಿತು ಬಂಗುಡೆಯ ತಲೆ ಚೀಪುತ್ತಿರುವ ಅಮ್ಮ. ಚಿತ್ರ ಸ್ಪಷ್ಟವಾಗಿಯೇ ಬಂತು. ಆದರೆ ಆ ಚಿತ್ರದಲ್ಲಿ ನಾನೂ ಇದ್ದೆ, ನನ್ನ ಬೆನ್ನು ನನಗೇ ಕಾಣುತ್ತಿತ್ತು. ಕಣ್ಣಾರೆ ಕಂಡದ್ದಾದರೆ ನನ್ನ ಬೆನ್ನು ನನಗೆ ಹೇಗೆ ಕಾಣಬೇಕು? "ಅಮ್ಮನಿಗೆ ತಲೆಯೇ ಇಷ್ಟ" ಎಂದು ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ನಾನೇ ಬರೆದುಕೊಂಡ ಚಿತ್ರ ಅದಾಗಿರಬಹುದು. ನನಗೆ ಯಾವಾಗಲೂ ನಡುತುಂಡು ಸಿಗುತ್ತಿತ್ತು ಎನ್ನುವುದರಲ್ಲಿ ಮಾತ್ರ ಸಂಶಯವಿಲ್ಲ.

ಕಾಪುವಿಗೆ ಎಂಟು ಮೈಲಿ. ಬಸ್ಸಿನ ಕ್ಯಾನ್ವಾಸ್ ಪರದೆ ಇಳಿಸಿದ್ದರಿಂದ ದಾರಿಯಲ್ಲಿ ಏನೂ ಕಾಣಲಿಲ್ಲ. ಒದ್ದೆ ಕೊಡೆಗಳ ವಾಸನೆಯೇ ಪ್ರಯಾಣ. ವರ್ಷಕ್ಕೊಮ್ಮೆ, ಮಳೆ ಮುಗಿದು ಬಂಗುಡೆ ಹೇರಳವಾಗಿ ಬರುವ ಹೊತ್ತಿಗೆ, ಅಮ್ಮ ಹೆಚ್ಚಾಗಿ ಒಬ್ಬಳೇ ಕಾಪುವಿಗೆ ಹೋಗಿ ಮಾರನೆಯ ದಿನ ಬರುತ್ತಿದ್ದಳು. ಹರಕೆ ಎನ್ನುತ್ತಿದ್ದಳು. ಏನು ಹರಕೆ ಎಂದು ನಾವು ಯಾರೂ ಕೇಳಲಿಲ್ಲ.

ಸೇಸಿಯಕ್ಕ ಅಮ್ಮನ ಬಾಲ್ಯದ ಗೆಳತಿ, ಬುಟ್ಟಿ ಹೊತ್ತು ಮೀನು ಮಾರಿ ಬದುಕಿದವರು. ಮನೆ ಕಡಲಿನ ಬದಿಯಲ್ಲೇ. ದೋಣಿಗಳು ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದವು. ಕಡಲಿನ ಅಬ್ಬರಕ್ಕೆ ನಾವಿಬ್ಬರೂ ಕೂಗಿಯೇ ಮಾತಾಡಬೇಕಾಯಿತು. ಆಡಿದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ನಾನು ಎಷ್ಟು ಒಪ್ಪ ಮಾಡಿದ್ದೇನೋ ಓದುವವರು ಲೆಕ್ಕ ಹಿಡಿಯಲಿ.

"ಕಲ್ಯಾಣಿಯ ಮಗ ಅಲ್ವಾ? ಮೂಗೇ ಹೇಳ್ತದೆ. ಮಣಿಪಾಲದಲ್ಲಿ ದೊಡ್ಡ ಕೆಲಸವಂತೆ, ಕೊಡೆಯಲ್ಲಿ ಮಾತ್ರ ತೂತು!" ಎಂದರು.

ಹರಕೆಯ ವಿಷಯ ಕೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. "ಗುಡಿಗೆ ಹೋಗಿ ಕೈಮುಗಿದು ಬರ್ತಿದ್ದಳು, ಅದು ಸುಳ್ಳಲ್ಲ. ಮತ್ತೆ ಇಲ್ಲಿ ಬಂದು ಕೂತಳೆಂದರೆ ನಾಲ್ಕು ಬಂಗುಡೆ ಒಬ್ಬಳೇ! ಬರೀ ನಡು. ತಲೆ ಬೆಕ್ಕಿಗೆ."

ಉತ್ತರ ನನಗೆ ಬೇಕಾದ ಹಾಗೆಯೇ ಇತ್ತು. ಅದಕ್ಕೇ ನಂಬಿಕೆ ಬರಲಿಲ್ಲ. ವನಜ ಇವರಿಗೂ ಒಂದು ಕಾಗದ ಹಾಕಿರಬಹುದೇ?

"ಬೆಕ್ಕು ಯಾವ ಬಣ್ಣದ್ದು?" ಎಂದೆ.

"ಇಪ್ಪತ್ತು ವರ್ಷಕ್ಕೆ ಒಂದೇ ಬೆಕ್ಕಾ ಮಾರಾಯ? ನೀನೆಂತ ಪೊಲೀಸನಾ?"

"ಮನೆಯಲ್ಲಿ ಯಾಕೆ ತಿನ್ನುತ್ತಿರಲಿಲ್ಲ?"

ಸೇಸಿಯಕ್ಕ ನಗು ನಿಲ್ಲಿಸಿದರು. "ಮೊದಲು ನಿಮಗೆ ಸಾಲಬೇಕಲ್ಲ. ಆಮೇಲೆ ನೀವು ದುಡಿದಿರಿ, ಮೀನಿಗೇನೂ ಕಡಿಮೆ ಇರಲಿಲ್ಲ. ಅಷ್ಟರಲ್ಲಿ ನಿನ್ನ ಅಕ್ಕ ತಲೆಗಳನ್ನೇ ಆರಿಸಿ ಬಡಿಸುವುದಕ್ಕೆ ಸುರು ಮಾಡಿದ್ದಳು. 'ಲೀಲಳ ಮುಖ ನೀನು ನೋಡಬೇಕು ಸೇಸಿ, ತಲೆ ಬಡಿಸುವಾಗ ಅಷ್ಟು ಕುಶಿ ಅವಳಿಗೆ, ಬೇಡ ಎಂದು ಹೇಗೆ ಹೇಳುವುದು?' ಎನ್ನುತ್ತಿದ್ದಳು. ನಿಮಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಸತ್ತ ಮೇಲೆ ಹೇಳಬಹುದಾ ಎಂದು ನಾನು ಕೇಳಿರಲಿಲ್ಲ."

ಏಳುವಾಗ ಉಪ್ಪು ಬಂಗುಡೆಯ ನಾಲ್ಕು ನಡುತುಂಡುಗಳನ್ನು ಎಲೆಯಲ್ಲಿ ಕಟ್ಟಿ ಕೊಟ್ಟರು. "ನಾನು ಕೊಟ್ಟೆ ಎಂದು ಬಡಿಸಿ. ಬೇರೆಂತ ಹೇಳುವುದು ಬೇಡ."

ಮಧ್ಯಾಹ್ನದ ಬಸ್ಸು ಎರ್ಮಾಳು ದಾಟಿ ಪಡುಬಿದ್ರಿಯಲ್ಲಿ ಇಳಿಸಿತು. ಅಲ್ಲಿಂದ ಕಾರ್ಕಳದ ಬಸ್ಸಿಗೆ ಒಂದೂಕಾಲು ಗಂಟೆ ಕಾದೆ. ಬಸ್ಸಿನಲ್ಲಿ ಪೊಟ್ಟಣದ ವಾಸನೆಗೆ ಪಕ್ಕದವರು ಎದ್ದು ಹೋದರು. ನನಗೆ ಎರಡು ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಿದರೆ ಅಕ್ಕ ಇಪ್ಪತ್ತು ವರ್ಷ ಪ್ರೀತಿಯಿಂದ ಬಡಿಸಿದ್ದೆಲ್ಲ ಹಾಳಾಗುತ್ತದೆ. ಹೇಳದಿದ್ದರೆ ಅಮ್ಮನಿಗೆ ಸತ್ತ ಮೇಲೂ ಬೆಕ್ಕಿನ ಪಾಲು.

ಭಾನುವಾರ ಮಧ್ಯಾಹ್ನ ಒಳಕೋಣೆಯಲ್ಲಿ ದೀಪ ಹಚ್ಚಿ ಎಲೆ ಹಾಕಿದರು. ನಾನು ಪೊಟ್ಟಣ ಮುಂದಿಟ್ಟೆ. "ಸೇಸಿಯಕ್ಕ ಕೊಟ್ಟದ್ದು."

ಅಕ್ಕ ಬಿಚ್ಚಿ ನೋಡಿದಳು. "ನಡು! ಅಮ್ಮ ನಡು ಮುಟ್ಟುತ್ತಿರಲಿಲ್ಲ, ನಿನಗೆ ಗೊತ್ತಿಲ್ವಾ?"

ವನಜ ನೆಲ ನೋಡುತ್ತಿದ್ದಳು. ಅಕ್ಕ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ನೀನು ಕಾಪುವಿಗೆ ಯಾಕೆ ಹೋದದ್ದು? ಅಲ್ಲಿ ಅಮ್ಮ ಎಂತ ತಿನ್ನುತ್ತಿದ್ದಳಂತೆ?"

"ಕೇಳಲಿಲ್ಲ" ಎಂದೆ.

ಅಕ್ಕ ಪೊಟ್ಟಣ ಎತ್ತಿಕೊಂಡು ಒಲೆಯ ಬಳಿಗೆ ಹೋಗಿ, ನಾಲ್ಕೂ ತುಂಡು ತೊಳೆದು ಹುರಿದು ತಂದಳು. ಎಲೆಯಲ್ಲಿ ಆರು ತಲೆಗಳ ಪಕ್ಕಕ್ಕೆ ಅವನ್ನೂ ಇಟ್ಟಳು. ಬಾಗಿಲು ಎಳೆದುಕೊಂಡು ನಾವು ಹೊರಗೆ ಕುಳಿತೆವು. ಅಮ್ಮ ಉಣ್ಣುವಷ್ಟು ಹೊತ್ತು ಯಾರೂ ಮಾತಾಡಬಾರದು.

ಬಾಗಿಲು ತೆರೆದಾಗ ನಾನು ಎಲೆಯನ್ನು ಪರೀಕ್ಷೆ ಮಾಡುವವನಂತೆ ನೋಡಿದೆ. ಒಂದು ನಡುತುಂಡು ಸ್ವಲ್ಪ ಸರಿದಂತೆ ಕಂಡಿತು. ಅಕ್ಕ ತಲೆಗಳನ್ನು ನೋಡುತ್ತಿದ್ದಳು. ಅವಳಿಗೆ ಯಾವುದು ಸರಿದಂತೆ ಕಂಡಿತೋ.

ಆ ಎಲೆಯದ್ದನ್ನೇ ಹಂಚಿಕೊಂಡು ಉಣ್ಣುವುದು ಕ್ರಮ. ನನಗೆ ಎರಡು ನಡುತುಂಡು ಬಂತು, ವನಜಳಿಗೆ ಎರಡು. ಅಕ್ಕ ತನ್ನ ಎಲೆಗೆ ಒಂದು ತಲೆ ಹಾಕಿಕೊಂಡಳು, ಉಳಿದ ಐದನ್ನು ಮುಚ್ಚಿಟ್ಟಳು.

"ಅಕ್ಕ, ನಿನಗೆ ತಲೆ ಇಷ್ಟವಾ?"

"ಇಷ್ಟ ಮಾರಾಯ" ಎಂದಳು, ತಲೆ ಎತ್ತದೆ. "ಎಂತ ನೋಡ್ತಿ? ಉಣ್ಣು." ಮೂಳೆ ಬಿಳಿಯಾಗುವವರೆಗೂ ಚೀಪಿದಳು. ಅಮ್ಮನೂ ಹೀಗೆಯೇ ಚೀಪುತ್ತಿದ್ದಳು. ಇದಂತೂ ನಾನು ಕಂಡದ್ದೇ ಇರಬೇಕು.

ನಾಲ್ಕರ ಬಸ್ಸಿಗೆ ಹೊರಟೆ. ಮಳೆ ಮತ್ತೆ ಹಿಡಿದಿತ್ತು. ಗದ್ದೆಯ ಅಂಚು ಮುಗಿದು ರಸ್ತೆ ಹತ್ತುವಲ್ಲಿ ಒಮ್ಮೆ ತಿರುಗಿ ನೋಡಿದೆ. ಅಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು ಬಗ್ಗಿ ಬೆಕ್ಕನ್ನು ಕರೆಯುತ್ತಿದ್ದಳು. ಕೈಯಲ್ಲಿ ಏನೋ ಇತ್ತು. ನಾನು ನೋಡುತ್ತಿರುವುದು ತಿಳಿದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.